ನಗೆಯ ಅಳತೆ

ನಾಟ್ಯಶಾಸ್ತ್ರದಲ್ಲಿ ಭರತಮುನಿಯು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಹಲ್ಲು ಕಾಣದಂತೆ ನಕ್ಕರೆ ಸ್ಮಿತ, ಕೊಂಚವೇ ಕಂಡರೆ ಹಸಿತ. ಇವೆರಡೂ ಉತ್ತಮರವು. ಭುಜ ತಲೆಗಳು ಅಲುಗಿ ಕಣ್ಣಲ್ಲಿ ನೀರು ಬರುವಂಥ ನಗೆ ಅಧಮರ ಪಾಲು! ಆ ಮುನಿಯ ಪ್ರಶ್ನೆಯನ್ನೇ ಇಂದಿನ ದಂತವೈದ್ಯ ಮಿಲಿಮೀಟರಿನ ಅಳತೆಪಟ್ಟಿ ಹಿಡಿದು ಕೇಳುತ್ತಿದ್ದಾನೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತಮ್ಮ ಮಗಳನ್ನು ನನ್ನಲ್ಲಿಗೆ ಕರೆತಂದರು. "ಇವಳು ನಕ್ಕರೆ ವಸಡು ಕಾಣುತ್ತದೆ ಡಾಕ್ಟರೇ. ಗಂಡಿನ ಕಡೆಯವರು ಬರುವುದರೊಳಗೆ ಏನಾದರೂ ಮಾಡಿಕೊಡಿ" ಎಂದರು. ಹುಡುಗಿಯ ಕೈ ಆಗಲೇ ಬಾಯಿಗೆ ಅಡ್ಡವಾಗಿತ್ತು. ನಗಲು ಹೇಳಿದೆ. ಫೋಟೋಕ್ಕೆ ನಗುವಂತೆ ನಕ್ಕಳು. ವಸಡು ಕಾಣಲೇ ಇಲ್ಲ. ಅಷ್ಟರಲ್ಲಿ ತಾಯಿ, ಕನ್ನಡಕ ಹಣೆಯ ಮೇಲಿದ್ದಂತೆಯೇ, ಅದಕ್ಕಾಗಿ ಕೈಚೀಲವನ್ನೆಲ್ಲ ತಡಕಾಡತೊಡಗಿದರು. ಹುಡುಗಿಗೆ ತಡೆಯಲಾಗಲಿಲ್ಲ. ಆಗ ಕಂಡಿತು, ಸುಮಾರು 3 ಮಿಲಿಮೀಟರು. ಹೇಳಿ ತರಿಸಿದ ನಗೆಯಲ್ಲಿ ಮೇಲ್ದುಟಿ ಅರ್ಧಕ್ಕೇ ನಿಲ್ಲುತ್ತದೆ. ತಾನಾಗಿ ಬಂದ ನಗೆಯಲ್ಲಿ ಇನ್ನೂ ಮೇಲೇರುತ್ತದೆ. ಒಂದೇ ಚಿತ್ರವನ್ನು ನಂಬಿ ಚಿಕಿತ್ಸೆಗೆ ಹೊರಡುವುದು ನನಗೆ ಸರಿಕಾಣದು.

ತುಟಿ ವಿಶ್ರಾಂತಿಯಲ್ಲಿರುವಾಗಲೂ ಅಳೆಯಬೇಕು. ಕೇಳುಗರು ಈಗಲೇ ಕನ್ನಡಿಯ ಮುಂದೆ ನಿಂತು "ಅಮ್ಮ" ಎಂದು ತುಟಿಗಳನ್ನು ಸಡಿಲಬಿಟ್ಟು ನೋಡಬಹುದು. 1978ರ ಒಂದು ಅಧ್ಯಯನದಲ್ಲಿ, ಮೂವತ್ತರೊಳಗಿನವರಿಗೆ ಹೀಗೆ ಮೇಲಿನ ಬಾಚಿಹಲ್ಲು ಸರಾಸರಿ 3.4 ಮಿಲಿಮೀಟರಿನಷ್ಟು ಕಂಡರೆ, ಅರವತ್ತು ದಾಟಿದವರಿಗೆ ಹೆಚ್ಚುಕಡಮೆ ಸೊನ್ನೆ. ವಯಸ್ಸಾದಂತೆ ಮೇಲ್ದುಟಿ ಇಳಿಯುತ್ತದೆ, ಕೆಳಗಿನ ಹಲ್ಲುಗಳು ಇಣುಕುತ್ತವೆ. ಹುಡುಗಿ ಬಚ್ಚಿಡುತ್ತಿದ್ದುದು ತನ್ನ ಯೌವನವನ್ನೇ ಎಂದರೂ ತಪ್ಪಾಗದು.

ವಸಡು ಮಿತಿಮೀರಿ ಕಾಣುವುದಕ್ಕೆ ಕಾರಣ ಒಂದಲ್ಲ. ತುಟಿ ಗಿಡ್ಡವಾಗಿರಬಹುದು, ಅದನ್ನೆತ್ತುವ ಸ್ನಾಯು ಚುರುಕಾಗಿರಬಹುದು, ಮೇಲ್ದವಡೆಯೇ ಉದ್ದವಾಗಿ ಬೆಳೆದಿರಬಹುದು. ಊದಿಕೊಂಡ ವಸಡಾದರೆ ಮೊದಲು ಶುಚಿ ಮಾಡಿಸಬೇಕು. ಬಾಚಿಹಲ್ಲಿನ ಕಾಣುವ ಭಾಗ ಸಾಮಾನ್ಯವಾಗಿ 10ರಿಂದ 11 ಮಿಲಿಮೀಟರು. ಎಂಟೇ ಕಂಡು, ಉಳಿದುದು ವಸಡಿನಡಿ ಅಡಗಿದ್ದರೆ, ಆ ಅಂಚನ್ನು ಹದವಾಗಿ ಕತ್ತರಿಸಿದರೆ ಸಾಕಾಗಬಹುದು. ಹಲ್ಲು ಪೂರ್ತಿ ಹೊರಬಂದಿದ್ದಾಗ ಹಾಗೆ ಕತ್ತರಿಸಿದರೆ ಬೇರು ಬರಿದಾಗುತ್ತದೆ.

ಈ ಹುಡುಗಿಯ ಹಲ್ಲು ಹತ್ತೂವರೆ ಮಿಲಿಮೀಟರು ಇತ್ತು; ವಸಡು ಆರೋಗ್ಯವಾಗಿ, ನಸುಗೆಂಪಾಗಿತ್ತು. 1984ರಲ್ಲಿ ಅಮೆರಿಕದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ನಗುವಾಗ ವಸಡಿನ ಪಟ್ಟಿ ಕಾಣಿಸುವವರು ಸುಮಾರು ಹತ್ತರಲ್ಲೊಬ್ಬರಿದ್ದರು. 1999ರಲ್ಲಿ ಅಲ್ಲಿಯವರೇ ತಿದ್ದಿದ ಚಿತ್ರಗಳನ್ನು ತೋರಿಸಿ ಅಭಿಪ್ರಾಯ ಕೇಳಿದರು. ಹಲ್ಲುಸಾಲು ಸರಿಪಡಿಸುವ ತಜ್ಞರಿಗೆ 2 ಮಿಲಿಮೀಟರು ವಸಡೇ ಕುಂದೆನಿಸಿತು. ಸಾಮಾನ್ಯರು 4 ಆಗುವವರೆಗೆ ಗಮನಿಸಲೇ ಇಲ್ಲ. ಎಂದಮೇಲೆ ಇವಳ ಮೂರು ಮಿಲಿಮೀಟರು ನಮ್ಮ ಕಸುಬಿನವರ ಕಣ್ಣಿಗಷ್ಟೇ ಬೀಳುವಂಥದು.

ಚಿಕಿತ್ಸೆ ಬೇಡವೆಂದು ಚೀಟಿಯಲ್ಲಿ ಬರೆದುಕೊಟ್ಟೆ. ತಾಯಿಗೆ ಸಮಾಧಾನವಾಗಲಿಲ್ಲ. "ಇನ್ನೊಬ್ಬರಿಗೂ ತೋರಿಸಿ ನೋಡುತ್ತೇವೆ" ಎಂದು ಎದ್ದರು. ತೋರಿಸಿರಲೂಬಹುದು.