ಫೀಸು ಕಟ್ಟಿ ಆಡುವವರ ಫುಟ್‌ಬಾಲ್

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದ ತಕ್ಷಣ ಎಲ್ಲರ ಕಣ್ಮುಂದೆ ಬರೋದು ಲಕ್ಷ ಜನ ಕೂರೋ ಸ್ಟೇಡಿಯಂ. ಮಿಷಿಗನ್ ವಿಶ್ವವಿದ್ಯಾಲಯದ್ದೇ ತಗೊಳ್ಳಿ, 1,07,601 ಸೀಟು. ಕೋಚ್‌ಗೆ ಕೋಟಿಗಟ್ಟಲೆ ಸಂಬಳ, ಟಿವಿಯವರ ದುಡ್ಡು, ಶನಿವಾರ ಬಂದ್ರೆ ಊರಿಗೆ ಊರೇ ಜಾತ್ರೆ. ನಾನಿವತ್ತು ಹೇಳಕ್ಕೆ ಹೊರಟಿರೋದು ಅದರ ಕಥೆ ಅಲ್ಲ. ಅದೇ ಆಟ, ಅದೇ ನಿಯಮ, ಅದೇ ಹೆಲ್ಮೆಟ್ಟು, ಆದ್ರೆ ಮೂರು ಮೆಟ್ಟಿಲು ಕೆಳಗಿಳಿದು ನೋಡೋಣ. ಆ ಮೆಟ್ಟಿಲಿನ ಹೆಸರು ಡಿವಿಷನ್ ತ್ರೀ.

ಕಾಲೇಜು ಕ್ರೀಡೆಗಳನ್ನ ನಡೆಸೋ ಎನ್‌ಸಿಎಎ ಸಂಸ್ಥೆ 1973ರಲ್ಲಿ ತನ್ನ ಸದಸ್ಯ ಕಾಲೇಜುಗಳನ್ನ ಮೂರು ಡಿವಿಷನ್ ಮಾಡ್ತು. ಮೊದಲನೇ ಡಿವಿಷನ್ನೇ ಫುಟ್‌ಬಾಲ್ ಮಟ್ಟಿಗೆ ಮತ್ತೆ ಎರಡು ಹೋಳಾಗಿದೆ, ಹಾಗಾಗಿ ಮೂರನೇ ಡಿವಿಷನ್ ಅಂದ್ರೆ ನಿಜವಾಗಿ ನಾಲ್ಕನೇ ದರ್ಜೆ. ಆದ್ರೆ ಸಂಖ್ಯೆಯಲ್ಲಿ ಇದೇ ದೊಡ್ಡದು. ಸುಮಾರು 240 ಕಾಲೇಜುಗಳು ಇಲ್ಲಿ ಫುಟ್‌ಬಾಲ್ ಆಡ್ತವೆ.

ಇಲ್ಲಿ ಒಂದು ನಿಯಮ ಇದೆ, ಮಿಕ್ಕಿದ್ದೆಲ್ಲ ಅದರಿಂದಲೇ ಹುಟ್ಟಿಕೊಳ್ಳೋದು. ಚೆನ್ನಾಗಿ ಆಡ್ತಾನೆ ಅನ್ನೋ ಕಾರಣಕ್ಕೆ ಯಾವ ಹುಡುಗನಿಗೂ ಕಾಲೇಜು ಒಂದು ಡಾಲರ್ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ. ಓದಿನಲ್ಲಿ ಜಾಣ ಅಂತ ಕೊಡಬಹುದು, ಮನೇಲಿ ಕಷ್ಟ ಇದೆ ಅಂತ ಕೊಡಬಹುದು. ಚೆಂಡು ಹಿಡೀತಾನೆ ಅಂತ ಕೊಡಂಗಿಲ್ಲ. ಅಂದ್ರೆ ಏಟು ತಿನ್ನೋನೂ ಅವನೇ, ಫೀಸು ಕಟ್ಟೋನೂ ಅವನೇ.

ಹಾಗಾದ್ರೆ ಕಾಲೇಜು ಯಾಕೆ ತಂಡ ಇಟ್ಕೊಳ್ಳತ್ತೆ? ಕ್ರೀಡಾಪ್ರೇಮ, ಶಿಸ್ತು ಅಂತೆಲ್ಲ ಬ್ರೋಷರಿನಲ್ಲಿ ಬರೆದಿರ್ತಾರೆ. ನನ್ನ ಪ್ರಕಾರ ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಒಂದೂವರೆ ಸಾವಿರ ವಿದ್ಯಾರ್ಥಿಗಳಿರೋ ಒಂದು ಸಣ್ಣ ಖಾಸಗಿ ಕಾಲೇಜು ಅಂತ ಇಟ್ಕೊಳ್ಳಿ. ಫುಟ್‌ಬಾಲ್ ತಂಡದಲ್ಲಿ ನೂರಕ್ಕೂ ಹೆಚ್ಚು ಹುಡುಗರು. ಮೈದಾನದಲ್ಲಿ ಒಂದು ಸಲಕ್ಕೆ ಇರೋದು 11 ಜನ, ಮಿಕ್ಕವರು ಪಕ್ಕದಲ್ಲಿ ನಿಂತಿರ್ತಾರೆ. ಆದ್ರೆ ನಿಂತಿರೋನೂ ಫೀಸು ಕಟ್ತಾನೆ. ಫುಟ್‌ಬಾಲ್ ಇಲ್ದಿದ್ರೆ ಅವರಲ್ಲಿ ಎಷ್ಟೋ ಜನ ಆ ಊರಿನ ಹೆಸರೂ ಕೇಳ್ತಿರಲಿಲ್ಲ. ಮಿಷಿಗನ್ ರಾಜ್ಯದ ಏಡ್ರಿಯನ್ ಕಾಲೇಜು 2005ರಿಂದ ಈ ಲೆಕ್ಕವನ್ನ ಬಹಿರಂಗವಾಗೇ ಮಾಡ್ತು. ಒಂದಾದ ಮೇಲೊಂದು ಕ್ರೀಡೆ ಸೇರಿಸ್ಕೊಂಡು, ವರ್ಷಕ್ಕೆ ಇಷ್ಟು ವಿದ್ಯಾರ್ಥಿಗಳನ್ನ ಕರ್ಕೊಂಡು ಬರಬೇಕು ಅಂತ ಕೋಚ್‌ಗಳಿಗೇ ಗುರಿ ಕೊಡ್ತು. ಮುಳುಗೋ ಹಾಗಿದ್ದ ಕಾಲೇಜು ಚೇತರಿಸ್ಕೊಂಡ್ತು. ಎಲ್ಲ ಕಡೆ ಈ ಮದ್ದು ನಾಟಲ್ಲ ಅನ್ನೋದೂ ನಿಜ. ಅದೇ ರಾಜ್ಯದ ಉತ್ತರದ ತುದಿಯಲ್ಲಿದ್ದ ಫಿನ್‌ಲ್ಯಾಂಡಿಯಾ ವಿಶ್ವವಿದ್ಯಾಲಯಕ್ಕೂ ಫುಟ್‌ಬಾಲ್ ತಂಡ ಇತ್ತು. 2023ರಲ್ಲಿ ವಿಶ್ವವಿದ್ಯಾಲಯವೇ ಬಾಗಿಲು ಹಾಕ್ತು.

ಹಾಗಂತ ಇಲ್ಲಿರೋರೆಲ್ಲ ಬಡಪಾಯಿ ಕಾಲೇಜುಗಳು ಅಂದ್ಕೋಬೇಡಿ. ನಮ್ಮೂರ ಹುಡುಗರು ಕನಸು ಕಾಣೋ ಎಂಐಟಿ ಫುಟ್‌ಬಾಲ್ ಆಡೋದು ಡಿವಿಷನ್ ತ್ರೀನಲ್ಲೇ. ಷಿಕಾಗೋ ವಿಶ್ವವಿದ್ಯಾಲಯವೂ ಇಲ್ಲೇ. ಷಿಕಾಗೋದಂತೂ ದೊಡ್ಡ ಕಥೆ, ಸ್ವಲ್ಪ ದಾರಿ ತಪ್ಪಿ ಹೇಳೇಬಿಡ್ತೀನಿ. ಒಂದು ಕಾಲಕ್ಕೆ ಅದು ದೇಶದ ಬಲಾಢ್ಯ ತಂಡ. ಏಮಸ್ ಅಲೊನ್ಜೊ ಸ್ಟ್ಯಾಗ್ ಅನ್ನೋರು 1892ರಿಂದ ನಲವತ್ತು ವರ್ಷ ಅಲ್ಲಿ ಕೋಚ್ ಆಗಿದ್ರು. ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ, ಹೈಸ್‌ಮನ್ ಟ್ರೋಫಿ, 1935ರಲ್ಲಿ ಮೊದಲ ಸಲ ಕೊಟ್ಟಾಗ ಸಿಕ್ಕಿದ್ದು ಷಿಕಾಗೋದ ಆಟಗಾರನಿಗೆ, ಜೇ ಬರ್ವ್ಯಾಂಗರ್‌ಗೆ. ನಾಲ್ಕೇ ವರ್ಷ ಕಳೀತು. ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್, ಇದು ಓದೋ ಜಾಗ ಅಂತ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ರು. ಸ್ಟ್ಯಾಗ್ ಹೆಸರಿನ ಮೈದಾನ ಖಾಲಿ ಬಿತ್ತು. 1942ರ ಡಿಸೆಂಬರ್ 2ರಂದು ಅದೇ ಮೈದಾನದ ಗ್ಯಾಲರಿಯ ಕೆಳಗೆ ಎನ್ರಿಕೊ ಫರ್ಮಿಯ ತಂಡ ಪ್ರಪಂಚದ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿ ತೋರಿಸ್ತು. ಫುಟ್‌ಬಾಲ್ ನಿಲ್ಲಿಸಿದ್ದರಿಂದ ಇಂಥ ಉಪಯೋಗ ಬೇರೆ ಯಾವ ಕಾಲೇಜಿಗೂ ಆಗಿರಲಾರದು. 1969ರಲ್ಲಿ ಆಟ ವಾಪಸ್ ಬಂತು, ಆದ್ರೆ ಹಳೇ ಅಬ್ಬರ ಬೇಡ ಅಂತ ಡಿವಿಷನ್ ತ್ರೀನಲ್ಲೇ ಉಳ್ಕೊಂಡ್ತು. ಈ ಡಿವಿಷನ್‌ನ ಫೈನಲ್‌ಗೆ ಸ್ಟ್ಯಾಗ್ ಬೌಲ್ ಅಂತಲೇ ಹೆಸರು.

ಈಗ ಸೀಸನ್ ಹೇಗೆ ನಡೆಯತ್ತೆ ನೋಡೋಣ. ಸೆಪ್ಟೆಂಬರ್ ಶುರುವಿನಿಂದ ನವೆಂಬರ್ ಮಧ್ಯದವರೆಗೆ ಪ್ರತಿ ತಂಡಕ್ಕೂ ಹತ್ತು ಪಂದ್ಯ, ಹೆಚ್ಚಾಗಿ ತಮ್ಮ ಗುಂಪಿನ ಕಾಲೇಜುಗಳ ಜೊತೆ. ಆ ಗುಂಪಿಗೆ ಕಾನ್ಫರೆನ್ಸ್ ಅಂತಾರೆ. ಕಾನ್ಫರೆನ್ಸ್ ಗೆದ್ದವರಿಗೆ ಪ್ಲೇಆಫ್‌ಗೆ ನೇರ ಪ್ರವೇಶ. ಮಿಕ್ಕ ಬೆರಳೆಣಿಕೆಯಷ್ಟು ಜಾಗಗಳಿಗೆ ಸಮಿತಿ ಕೂತು ಆರಿಸತ್ತೆ. 2023ರಲ್ಲಿ ಒಟ್ಟು 32 ತಂಡ, ಐದು ಸುತ್ತು, ಸೋತವರು ಮನೆಗೆ.

ಅದೇ ವರ್ಷ ಮೇಲಿನ ದರ್ಜೆಯಲ್ಲಿ ಏನಾಯ್ತು ಗೊತ್ತಾ? ಅಲ್ಲಿ ಆಗ ಪ್ಲೇಆಫ್‌ಗೆ ಇದ್ದಿದ್ದು ನಾಲ್ಕೇ ಜಾಗ. ಫ್ಲೋರಿಡಾ ಸ್ಟೇಟ್ ತಂಡ 13 ಪಂದ್ಯ ಆಡಿ 13ನ್ನೂ ಗೆದ್ದು, ತನ್ನ ಕಾನ್ಫರೆನ್ಸನ್ನೂ ಗೆದ್ದು ಕೂತಿತ್ತು. ಸಮಿತಿ ಅವರನ್ನ ಹೊರಗಿಟ್ಟಿತು. ಅವರ ಕ್ವಾರ್ಟರ್‌ಬ್ಯಾಕ್‌ಗೆ, ಅಂದ್ರೆ ಆಕ್ರಮಣ ನಡೆಸೋ ಮುಖ್ಯ ಆಟಗಾರನಿಗೆ, ಗಾಯವಾಗಿತ್ತು, ಇನ್ಮೇಲೆ ಅವರು ಮೊದಲಿನ ಹಾಗೆ ಆಡಲ್ಲ ಅನ್ನೋ ವಾದ. ಕೋಟ್ಯಂತರ ಡಾಲರ್ ಓಡಾಡೋ ಜಾಗದಲ್ಲಿ ಗೆಲುವನ್ನ ಅಂದಾಜಿನ ಮೇಲೆ ಅಳೆದ್ರು. ದುಡ್ಡಿಲ್ಲದ ಡಿವಿಷನ್ ತ್ರೀನಲ್ಲಿ ಕಾನ್ಫರೆನ್ಸ್ ಗೆದ್ದೋನ ಟಿಕೆಟನ್ನ ಯಾರೂ ಕಿತ್ಕೊಳ್ಳಕ್ಕಾಗಲ್ಲ. ಈ ಒಂದು ವಿಷಯದಲ್ಲಿ ನಾನು ಕಣ್ಣುಮುಚ್ಚಿ ಕೆಳಗಿನವರ ಕಡೆ.

ಆದ್ರೆ ದುಡ್ಡಿಲ್ಲದಿರೋದರ ಇನ್ನೊಂದು ಮುಖ ಇದೆ, ಬಸ್ಸು. ಇಲ್ಲಿ ಬಹಳ ವರ್ಷದಿಂದ ನಡ್ಕೊಂಡು ಬಂದಿದ್ದು 500 ಮೈಲಿ ನಿಯಮ. ಎದುರಾಳಿ ಕಾಲೇಜು 500 ಮೈಲಿ, ಅಂದ್ರೆ ಸುಮಾರು 800 ಕಿಲೋಮೀಟರ್ ಒಳಗಿದ್ರೆ ಬಸ್ಸಲ್ಲಿ ಹೋಗಿ. ಆಚೆ ಇದ್ರೆ ಮಾತ್ರ ವಿಮಾನ, ಅದರ ಖರ್ಚು ಎನ್‌ಸಿಎಎ ತಲೆ ಮೇಲೆ. ಹಾಗಾಗಿ ಯಾರಿಗೆ ಯಾರು ಎದುರು ಅಂತ ಪಟ್ಟಿ ಹಾಕುವಾಗ ಬಲಾಬಲದ ಜೊತೆಗೆ ಭೂಪಟವನ್ನೂ ಹರಡ್ಕೊಂಡು ಕೂರಬೇಕು. ಇದರ ಏಟು ಜಾಸ್ತಿ ಬೀಳೋದು ಟೆಕ್ಸಸ್‌ನವರಿಗೆ. ಅವರ ಸುತ್ತಮುತ್ತ ಬಸ್ ದೂರದಲ್ಲಿ ಈ ದರ್ಜೆಯ ತಂಡಗಳೇ ಕಡಿಮೆ. 2018ರಲ್ಲಿ ಮೇರಿ ಹಾರ್ಡಿನ್–ಬೇಲರ್ ಮತ್ತು ಹಾರ್ಡಿನ್–ಸಿಮನ್ಸ್, ಎರಡೂ ದೇಶದ ಬಲಿಷ್ಠ ತಂಡಗಳು, ಸೀಸನ್‌ನಲ್ಲಿ ಆಗಲೇ ಒಂದು ಸಲ ಎದುರುಬದುರು ಆಡಿದವರು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಇಬ್ಬರನ್ನೂ ಮತ್ತೆ ಎದುರು ಹಾಕಿದ್ರು. ಅವತ್ತು ಗೆದ್ದ ಮೇರಿ ಹಾರ್ಡಿನ್–ಬೇಲರ್ ಆ ವರ್ಷದ ಚಾಂಪಿಯನ್ನೇ ಆಯ್ತು. ಸೋತವರಿಗೆ ಎಷ್ಟು ಉರಿದಿರಬೇಡ!

ಸ್ಕಾಲರ್‌ಶಿಪ್ ಇಲ್ಲ ಅಂದಮೇಲೆ ಎಲ್ಲರೂ ಸಮಾನರು, ವರ್ಷಕ್ಕೊಬ್ಬ ಹೊಸ ಚಾಂಪಿಯನ್ ಬರ್ತಾನೆ ಅನ್ನಿಸಬಹುದು. ಹಾಗೇನಿಲ್ಲ. ಒಹಾಯೊ ರಾಜ್ಯದ ಅಲಯನ್ಸ್ ಅನ್ನೋ ಸಣ್ಣ ಊರಿನಲ್ಲಿ ಮೌಂಟ್ ಯೂನಿಯನ್ ಅಂತ ಕಾಲೇಜಿದೆ. ಅದರ ಹತ್ತಿರ 13 ರಾಷ್ಟ್ರೀಯ ಪ್ರಶಸ್ತಿ. ಕೋಚ್ ಲ್ಯಾರಿ ಕೇರಸ್ 27 ಸೀಸನ್‌ನಲ್ಲಿ 332 ಪಂದ್ಯ ಗೆದ್ದು ಸೋತಿದ್ದು ಬರೀ 24. ವೃತ್ತಿಪರ ತಂಡ ಫಿಲಡೆಲ್ಫಿಯಾ ಈಗಲ್ಸ್‌ಗೆ 2025ರ ಫೆಬ್ರವರಿಯಲ್ಲಿ ಆ ದರ್ಜೆಯ ಫೈನಲ್, ಸೂಪರ್ ಬೌಲ್, ಗೆದ್ದುಕೊಟ್ಟ ಕೋಚ್ ನಿಕ್ ಸಿರಿಯಾನಿ ಇದ್ದಾರಲ್ಲ, ಅವರು ಆಡಿ ಬೆಳೆದಿದ್ದು ಕೇರಸ್ ಕೈಕೆಳಗೆ. 2005ರಿಂದ 2014ರವರೆಗೆ ಹತ್ತು ಫೈನಲ್‌ನಲ್ಲಿ ಒಂಬತ್ತು ಸಲ ಮೌಂಟ್ ಯೂನಿಯನ್ ಮತ್ತು ವಿಸ್ಕಾನ್ಸಿನ್–ವೈಟ್‌ವಾಟರ್ ತಂಡಗಳೇ ಎದುರುಬದುರು. ನೋಡೋರಿಗೂ ಸಾಕಾಗಿಹೋಗಿರಬೇಕು.

ವೈಟ್‌ವಾಟರ್ ಸರ್ಕಾರಿ ವಿಶ್ವವಿದ್ಯಾಲಯ, ಫೀಸು ಕಡಿಮೆ. ಆಟಕ್ಕೆ ದುಡ್ಡು ಕೊಡಂಗಿಲ್ಲ ಅಂದಾಗ ಕಡಿಮೆ ಫೀಸೇ ದೊಡ್ಡ ಬಲೆ ಆಗತ್ತೆ ಅನ್ನೋದು ನನ್ನ ಲೆಕ್ಕ. ಮೌಂಟ್ ಯೂನಿಯನ್ ಖಾಸಗಿ, ಅಲ್ಲಿ ಈ ಲೆಕ್ಕ ನಡೆಯಲ್ಲ ಅಂತ ನೀವು ಕೇಳ್ತೀರ. ಸರಿ, ಅಲ್ಲಿ ಕೇರಸ್ ಇದ್ರು ಅಂತಷ್ಟೇ ಹೇಳ್ತೀನಿ.

2023ಕ್ಕೆ ಬರೋಣ. ಆ ವರ್ಷದ ಹುಲಿ ನಾರ್ತ್ ಸೆಂಟ್ರಲ್ ಕಾಲೇಜು, ಷಿಕಾಗೋ ಪಕ್ಕದ ನೇಪರ್‌ವಿಲ್ ಊರಿನದು. ಹೌದು, ನಮ್ಮವರು ಬೇಕಾದಷ್ಟು ಮನೆ ಮಾಡ್ಕೊಂಡಿರೋ ಅದೇ ನೇಪರ್‌ವಿಲ್. ಹಿಂದಿನ ವರ್ಷ ಒಂದೂ ಸೋಲದೆ ಚಾಂಪಿಯನ್ ಆಗಿತ್ತು, ಈ ವರ್ಷವೂ ಸೋಲಿಲ್ಲದೆ ಫೈನಲ್‌ಗೆ ಬಂತು. ಒಟ್ಟು 29 ಗೆಲುವು, ಮಧ್ಯೆ ಒಂದೂ ಬಿಡುವಿಲ್ಲದೆ. ಎದುರಿಗೆ ನ್ಯೂಯಾರ್ಕ್ ರಾಜ್ಯ ಸರ್ಕಾರದ ಕಾರ್ಟ್‌ಲೆಂಡ್ ಕಾಲೇಜು. ದೈಹಿಕ ಶಿಕ್ಷಣದ ಮೇಷ್ಟ್ರುಗಳನ್ನ ತಯಾರು ಮಾಡೋದಕ್ಕೆ ಹೆಸರಾದ ಜಾಗ.

ಕಾರ್ಟ್‌ಲೆಂಡ್‌ನವರಿಗೆ ಪಕ್ಕದೂರಿನ ಇಥಾಕಾ ಕಾಲೇಜಿನ ಮೇಲೆ ಹಠ. 1959ರಿಂದ ಕಾರ್ಟಾಕಾ ಜಗ್ ಅಂತ ಒಂದು ಹೂಜಿಗೋಸ್ಕರ ಆಡ್ತಾರೆ. 2019ರಲ್ಲಿ ಆ ಪಂದ್ಯವನ್ನ ನ್ಯೂಯಾರ್ಕಿನ ವೃತ್ತಿಪರ ತಂಡಗಳ ಮೆಟ್‌ಲೈಫ್ ಸ್ಟೇಡಿಯಂಗೆ ತಗೊಂಡು ಹೋದಾಗ 45,161 ಜನ ಬಂದ್ರು, ಈ ಡಿವಿಷನ್ ಕಂಡ ಅತಿ ದೊಡ್ಡ ಗುಂಪು ಅದು. 2023ರ ರಾಷ್ಟ್ರೀಯ ಫೈನಲ್ ನಡೆದ ವರ್ಜೀನಿಯಾದ ಸೇಲಂ ಸ್ಟೇಡಿಯಂನಲ್ಲಿ ಎಂಟು ಸಾವಿರ ಸೀಟೂ ಇಲ್ಲ!

2023ರ ಸೀಸನ್‌ನಲ್ಲಿ ಕಾರ್ಟ್‌ಲೆಂಡ್ ಒಂದು ಪಂದ್ಯ ಸೋತಿತ್ತು. ಫೈನಲ್ ಮುಖ ಹಿಂದೆಂದೂ ನೋಡಿರಲಿಲ್ಲ. ಸೆಮಿಫೈನಲ್‌ನಲ್ಲಿ ರಾಂಡಾಲ್ಫ್–ಮೇಕನ್ ತಂಡವನ್ನ 49–14ರಲ್ಲಿ ಸೋಲಿಸಿದಾಗಲೇ ಎಲ್ಲರೂ ತಿರುಗಿ ನೋಡಿದ್ದು.

ಡಿಸೆಂಬರ್ 15, ಶುಕ್ರವಾರ, ಸೇಲಂ. ಕೊನೇ ಘಟ್ಟಕ್ಕೆ ಬರೋ ಮೊದಲು ಅಂಕದ ಲೆಕ್ಕ ಹೇಳ್ತೀನಿ. ಚೆಂಡು ಹಿಡ್ಕೊಂಡು ಎದುರಾಳಿಯ ಗೆರೆ ದಾಟಿದ್ರೆ ಟಚ್‌ಡೌನ್, ಆರು ಅಂಕ. ಆಮೇಲೆ ಒಂದು ಆಯ್ಕೆ ಕೊಡ್ತಾರೆ. ಕಂಬಗಳ ಮಧ್ಯೆ ಒದ್ದು ಒಂದು ಅಂಕ ತಗೊಳ್ಳಿ, ಇದು ಸಾಮಾನ್ಯವಾಗಿ ತಪ್ಪಲ್ಲ. ಇಲ್ಲಾಂದ್ರೆ ಮೂರು ಗಜ ದೂರದಿಂದ ಮತ್ತೊಂದು ಸಲ ಗೆರೆ ದಾಟಿ ಎರಡು ಅಂಕ ತಗೊಳ್ಳಿ. ದಾಟದಿದ್ರೆ ಸೊನ್ನೆ.

ಕಾರ್ಟ್‌ಲೆಂಡ್ 38–31ರಲ್ಲಿ ಮುಂದಿತ್ತು. ಒಂದು ನಿಮಿಷದ ಮೇಲೆ ಸ್ವಲ್ಪ ಸಮಯ ಉಳಿದಿರುವಾಗ ನಾರ್ತ್ ಸೆಂಟ್ರಲ್ ಟಚ್‌ಡೌನ್ ಹೊಡೀತು. 38–37. ಈಗ ಒದ್ದರೆ ಸಮ, ಆಮೇಲೆ ಹೆಚ್ಚುವರಿ ಆಟ. ಕೋಚ್ ಬ್ರ್ಯಾಡ್ ಸ್ಪೆನ್ಸರ್ ಒದೆಸಲಿಲ್ಲ, ಎರಡಕ್ಕೇ ಕೈ ಹಾಕಿದ್ರು. ಕಬಡ್ಡಿಯಲ್ಲಿ ಕೊನೇ ರೈಡಿಗೆ ಹೋದೋನು ಬೋನಸ್ ಬಿಟ್ಟು ಇಬ್ಬರನ್ನ ಮುಟ್ಟಕ್ಕೇ ನುಗ್ಗಿದ ಹಾಗೆ. ಕಾರ್ಟ್‌ಲೆಂಡ್ ತಡೀತು. ಗೆರೆ ದಾಟಲಿಲ್ಲ. 29 ಗೆಲುವಿನ ಸರಣಿ ಅಲ್ಲಿಗೆ ಮುಗೀತು, ಕಾರ್ಟ್‌ಲೆಂಡ್‌ಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ.

ಸ್ಪೆನ್ಸರ್ ಮಾಡಿದ್ದು ತಪ್ಪು ಅಂತ ವಾದ ಮಾಡೋದು ಸುಲಭ. ನಾನು ಒಪ್ಪಲ್ಲ. ಅವತ್ತು ಅವರ ರಕ್ಷಣೆ ಆಗಲೇ 38 ಅಂಕ ಬಿಟ್ಟುಕೊಟ್ಟಿತ್ತು. ಸಮ ಮಾಡಿದ್ರೆ ಅದೇ ಸೋರೋ ರಕ್ಷಣೆಯನ್ನ ನಂಬ್ಕೊಂಡು ಉಳಿದ ಸಮಯ ತಳ್ಳಬೇಕು, ಆಮೇಲೆ ಹೆಚ್ಚುವರಿ ಆಟಕ್ಕೂ ಅದನ್ನೇ ನಂಬಬೇಕು. ಅವರ ಕೈಯಲ್ಲಿದ್ದ ಗಟ್ಟಿ ಅಸ್ತ್ರ ಆಕ್ರಮಣ. ಬೇಕಾಗಿದ್ದು ಮೂರು ಗಜ. ಕ್ವಾರ್ಟರ್‌ಬ್ಯಾಕ್ ಲೂಕ್ ಲೇನನ್, ಆ ವರ್ಷ ಡಿವಿಷನ್ ತ್ರೀಯ ಶ್ರೇಷ್ಠ ಆಟಗಾರನಿಗೆ ಕೊಡೋ ಗ್ಯಾಗ್ಲಿಯಾರ್ಡಿ ಟ್ರೋಫಿ ಗೆದ್ದವನು. ಅವನಿದ್ದೂ ಒದೆಸಿದ್ರೆ ಅದನ್ನ ಹೆದರಿಕೆ ಅಂತಿದ್ದೆ ನಾನು.

ಮುಂದಿನ ಸೀಸನ್‌ಗೆ ಪ್ಲೇಆಫ್ 32ರಿಂದ 40 ತಂಡಕ್ಕೆ ಬೆಳೀತು. ನಾರ್ತ್ ಸೆಂಟ್ರಲ್ ಮತ್ತೆ ಫೈನಲ್‌ಗೆ ಬಂತು, 2025ರ ಜನವರಿಯಲ್ಲಿ ಹ್ಯೂಸ್ಟನ್‌ನಲ್ಲಿ ಮೌಂಟ್ ಯೂನಿಯನ್ನನ್ನೇ 41–25ರಲ್ಲಿ ಸೋಲಿಸಿ ಕಪ್ ವಾಪಸ್ ತಗೊಂಡ್ತು. ನೇಪರ್‌ವಿಲ್‌ನಲ್ಲಿ ಕೂತು ಇದನ್ನ ಕೇಳ್ತಿರೋರು ಯಾರಾದ್ರೂ ಇದ್ರೆ, ಅವರ ಬೆನೆಡೆಟ್ಟಿ–ವೇರ್ಲಿ ಸ್ಟೇಡಿಯಂ ನಿಮ್ಮ ಡೌನ್‌ಟೌನ್ ಪಕ್ಕದಲ್ಲೇ ಇದೆ. ಸೆಪ್ಟೆಂಬರ್ ಬಂದ್ಮೇಲೆ ಒಂದು ಶನಿವಾರ ಹೋಗಿ ನೋಡ್ಕೊಂಡು ಬನ್ನಿ, ಹೇಗಿತ್ತು ಅಂತ ನನಗೂ ಬರೀರಿ.