ವಜ್ರದ ಬಿಲ್ಲೆಯ ಹತ್ತು ಸಾವಿರ ಜನ



ದೀಪ ಹಚ್ಚಿದ್ದಾಯಿತು. ಪ್ರದರ್ಶನದ ಬಾಗಿಲು ತೆರೆಯುವ ಮುಂಚೆ ನಾಲ್ಕು ಮಾತಾಡಬೇಕೆಂಬುದು ಪದ್ಧತಿ. ಒಳಗೆ ದೊಡ್ಡ ಮೇಜಿನ ಮೇಲೆ ಇತಿಹಾಸ ವಿಭಾಗದ ಹುಡುಗರು ಕಟ್ಟಿರುವುದು ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ. ಮೂರು ದಿನದ ಕದನದಲ್ಲಿ ಅವರು ಆರಿಸಿಕೊಂಡಿರುವುದು 1863ರ ಜುಲೈ 2ರ ಇಳಿಹೊತ್ತು. ಅದರಲ್ಲೂ ಉತ್ತರದವರ ಒಂದೇ ಒಂದು ದಳ, ಮೂರನೆಯ ಕೋರ್. ಆಯ್ಕೆ ಚೆನ್ನಾಗಿದೆ.

ಆ ಯುದ್ಧ ನಮಗೇಕೆ ಎಂದು ಯಾರಾದರೂ ಕೇಳಿದರೆ ಧಾರವಾಡದವರು ದೂರ ಹೋಗಿ ಉತ್ತರ ಹುಡುಕಬೇಕಿಲ್ಲ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು, ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ನಮ್ಮ ಎರೆಭೂಮಿಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿತ್ತು. ಪೇಟೆಯಲ್ಲಿ ಅದರ ಹೆಸರೇ ಧಾರವಾಡ-ಅಮೆರಿಕನ್. ಅದರ ದರ ಏರಿದ್ದೂ, ಯುದ್ಧ ಮುಗಿದಾಗ ಇಳಿದದ್ದೂ ಆ ಕಾಳಗಗಳ ಲೆಕ್ಕದಲ್ಲೇ. ಹತ್ತಿ ಸಾಗಿಸಲು ಕಾರವಾರ ಬಂದರಿನ ಮಾತು ಬಿರುಸಾದದ್ದೂ ಅದೇ ವರ್ಷಗಳಲ್ಲಿ. ಇದಕ್ಕೆ ಪ್ರತ್ಯೇಕ ಪ್ರದರ್ಶನವೇ ಆಗಬೇಕು. ಇವತ್ತು ಸೈನ್ಯದ ಮಾತಿಗೆ ಬರೋಣ.

ಸೈನ್ಯದ ಪಟ್ಟಿ ಹೀಗಿತ್ತು. ನೂರು ಜನರ ಕಂಪನಿ, ಹತ್ತು ಕಂಪನಿಗೆ ಒಂದು ರೆಜಿಮೆಂಟ್, ನಾಲ್ಕಾರು ರೆಜಿಮೆಂಟಿಗೆ ಒಂದು ಬ್ರಿಗೇಡ್, ಎರಡು ಮೂರು ಬ್ರಿಗೇಡಿಗೆ ಒಂದು ಡಿವಿಷನ್, ಎರಡು ಮೂರು ಡಿವಿಷನ್ನಿಗೆ ಒಂದು ಕೋರ್. ಇದು ಕಾಗದದ ಮಾತು. ಸಾವಿರ ಜನ ಇರಬೇಕಾದ ರೆಜಿಮೆಂಟಿನಲ್ಲಿ ಎರಡು ವರ್ಷದ ಸಾವು, ಗಾಯ, ಬೇನೆಗಳ ನಂತರ ಮುನ್ನೂರು ಜನ ಉಳಿದಿದ್ದರೆ ಅದೇ ಹೆಚ್ಚು. ಹಾಗಾಗಿಯೇ ಮೂವತ್ತೇಳು ಮೂವತ್ತೆಂಟು ರೆಜಿಮೆಂಟುಗಳ ಈ ಕೋರ್‌ನಲ್ಲಿ ಒಟ್ಟು ಜನ ಹತ್ತು ಸಾವಿರದ ಏಳುನೂರರ ಆಸುಪಾಸು. ಎದುರಾಳಿ ದಕ್ಷಿಣದವರು ಇಡೀ ಸೈನ್ಯವನ್ನು ಮೂರೇ ಕೋರ್ ಮಾಡಿಕೊಂಡಿದ್ದರು, ಒಂದೊಂದೂ ಇದರ ಎರಡರಷ್ಟು. ಉತ್ತರದವರಲ್ಲಿ ಕಾಲ್ದಳದ ಕೋರ್‌ಗಳೇ ಏಳು.

ಇನ್ನು ಅದನ್ನು ನಡೆಸಿದವರು. ಕೋರ್‌ಗೆ ಮುಖ್ಯಸ್ಥ ಡೇನಿಯಲ್ ಸಿಕಲ್ಸ್: ನ್ಯೂಯಾರ್ಕಿನ ವಕೀಲ, ರಾಜಕಾರಣಿ, ಹೆಂಡತಿಯ ಪ್ರಿಯಕರನನ್ನು 1859ರಲ್ಲಿ ಹಾಡಹಗಲೇ ಗುಂಡಿಟ್ಟು ಕೊಂದು, ಬುದ್ಧಿಭ್ರಮಣೆಯಾಗಿತ್ತೆಂದು ವಾದಿಸಿ ಖುಲಾಸೆಯಾದ ಮನುಷ್ಯ. ಒಂದನೆಯ ಡಿವಿಷನ್ನಿನ ಬರ್ನಿಯೂ ವಕೀಲ. ಬ್ರಿಗೇಡ್ ನಡೆಸಿದವರಲ್ಲಿ ದ ತ್ರೋಬ್ರಿಯಾಂ ಫ್ರಾನ್ಸ್‌ನಲ್ಲಿ ಹುಟ್ಟಿದ ಕಾದಂಬರಿಕಾರ, ಜೋಸೆಫ್ ಕಾರ್ ನೃತ್ಯ ಕಲಿಸುತ್ತಿದ್ದ ಮೇಷ್ಟರು. ಎರಡನೆಯ ಡಿವಿಷನ್ನಿನ ಹಂಫ್ರೀಸ್ ಮಾತ್ರ ವೆಸ್ಟ್ ಪಾಯಿಂಟಿನಲ್ಲಿ ಕಲಿತ ಎಂಜಿನಿಯರ್. ಸೈನಿಕರೋ, ಬಹುಪಾಲು ರೈತರು, ಕೂಲಿಗಳು, ಗುಮಾಸ್ತರು. ಇಂಥವರನ್ನು ಹತ್ತು ಸಾವಿರದ ಲೆಕ್ಕದಲ್ಲಿ ಒಟ್ಟಿಗೆ ನಡೆಸಿ, ಉಣಿಸಿ, ಗುಂಡು ಹಾರಿಸುವಂತೆ ಮಾಡಿದ್ದು ವ್ಯಕ್ತಿಗಳ ಪ್ರತಿಭೆಗಿಂತ ಹೆಚ್ಚಾಗಿ ಆ ಪಟ್ಟಿಯೇ ಎಂಬುದು ನನ್ನ ಅಭಿಪ್ರಾಯ.

ಮೇಜಿನ ಮೇಲಿನ ಬೊಂಬೆಗಳ ಟೋಪಿಯನ್ನು ಬಗ್ಗಿ ನೋಡಿ. ಕೆಂಪು ಬಟ್ಟೆಯ ವಜ್ರಾಕಾರದ ಬಿಲ್ಲೆ ಇದ್ದರೆ ಒಂದನೆಯ ಡಿವಿಷನ್, ಬಿಳಿಯದಾದರೆ ಎರಡನೆಯದು. ಆಕಾರ ಕೋರ್‌ನದು, ಬಣ್ಣ ಡಿವಿಷನ್ನಿನದು. ಹೊಗೆಯಲ್ಲಿ ದಿಕ್ಕು ತಪ್ಪಿದ ಸಿಪಾಯಿ ಯಾರ ಕಡೆಯವನು ಎಂದು ಒಂದು ನೋಟಕ್ಕೆ ಗೊತ್ತಾಗಬೇಕು. ಓಡಿಹೋಗುತ್ತಿದ್ದರೆ ಅದೂ ಗೊತ್ತಾಗಬೇಕು! ಮೂರನೆಯ ಡಿವಿಷನ್ನಿನ ನೀಲಿ ಬಿಲ್ಲೆ ಹುಡುಕಬೇಡಿ. ಮೇ ತಿಂಗಳ ಚಾನ್ಸೆಲರ್ಸ್‌ವಿಲ್ ಕದನದಲ್ಲಿ ಅದರ ಜನರಲ್ ವಿಪಲ್ ಮಾರಣಾಂತಿಕವಾಗಿ ಗಾಯಗೊಂಡರು, ಡಿವಿಷನ್ನನ್ನು ಮುರಿದು ಉಳಿದೆರಡಕ್ಕೆ ಹಂಚಿದರು. ವಿದ್ಯಾರ್ಥಿಗಳು ಇದನ್ನು ಗಮನಿಸಿದ್ದಾರೆ, ನನಗೆ ಖುಷಿಯಾಯಿತು.

ಅದೇ ಮೇ ತಿಂಗಳ ಸೋಲಿನ ನಂತರ ಫಿರಂಗಿಗಳನ್ನೂ ಡಿವಿಷನ್‌ಗಳಿಂದ ಕಿತ್ತು ಕೋರ್‌ಗೊಂದು ತೋಪಖಾನೆ ಬ್ರಿಗೇಡ್ ಮಾಡಿದರು. ಇಲ್ಲಿ ಕ್ಯಾಪ್ಟನ್ ರಾಂಡಾಲ್ಫ್ ಕೈಕೆಳಗೆ ಐದು ಬ್ಯಾಟರಿ, ಮೂವತ್ತು ಫಿರಂಗಿ. ಗಾಯಾಳುಗಳ ಸಾಗಣೆಯನ್ನು ಡಾಕ್ಟರ್ ಜೊನಾಥನ್ ಲೆಟರ್‌ಮನ್ 1862ರಲ್ಲೇ ಕೋರ್‌ನ ಲೆಕ್ಕಕ್ಕೆ ತಂದಿದ್ದರು: ಕೋರ್‌ನ ಆಂಬುಲೆನ್ಸ್ ಬಂಡಿಗಳಿಗೆ ಒಬ್ಬ ಕ್ಯಾಪ್ಟನ್, ಡಿವಿಷನ್ನಿಗೆ ಲೆಫ್ಟಿನೆಂಟ್, ರೆಜಿಮೆಂಟಿಗೆ ಸಾರ್ಜೆಂಟ್. ಬಂಡಿಯನ್ನು ಬೇರೆ ಸರಕಿಗೆ ಬಳಸುವ ಹಾಗಿಲ್ಲ. ಅದಕ್ಕೂ ಮೊದಲು ಗಾಯಗೊಂಡವರು ದಿನಗಟ್ಟಲೆ ಬಯಲಲ್ಲೇ ಬಿದ್ದಿರುತ್ತಿದ್ದರು. ಪ್ರದರ್ಶನದಲ್ಲಿ ಈ ಬಂಡಿಗಳು ಮೂಲೆಗೆ ಹೋಗಿವೆ. ನನ್ನ ಕೈಲಿದ್ದರೆ ಮಧ್ಯಕ್ಕೇ ಇಡುತ್ತಿದ್ದೆ.

ಈಗ ಆ ಸಂಜೆ. ಉತ್ತರದ ಸೇನಾಪತಿ ಮೀಡ್ ಅಧಿಕಾರ ವಹಿಸಿಕೊಂಡು ವಾರವೂ ಆಗಿರಲಿಲ್ಲ. ಸಿಕಲ್ಸ್‌ಗೆ ಸೆಮೆಟರಿ ರಿಡ್ಜ್ ಎಂಬ ದಿಣ್ಣೆಯ ದಕ್ಷಿಣದ ತುದಿ ಕೊಟ್ಟಿದ್ದರು. ಅದು ತಗ್ಗು ಜಾಗ. ಮುಕ್ಕಾಲು ಮೈಲಿ ಮುಂದೆ ಎಮಿಟ್ಸ್‌ಬರ್ಗ್ ರಸ್ತೆಯ ಪಕ್ಕದ ಪೀಚ್ ತೋಟ ಎತ್ತರದಲ್ಲಿತ್ತು. ಚಾನ್ಸೆಲರ್ಸ್‌ವಿಲ್‌ನಲ್ಲಿ ಹೇಜಲ್ ಗ್ರೋವ್ ಎಂಬ ಇಂಥದೇ ಎತ್ತರವನ್ನು ಅಪ್ಪಣೆಯ ಮೇರೆಗೆ ಬಿಟ್ಟುಕೊಟ್ಟು, ಅಲ್ಲಿಂದಲೇ ವೈರಿಯ ಗುಂಡು ತಿಂದ ನೆನಪು ಅವರಿಗಿತ್ತು. ಈ ಸಲ ಅಪ್ಪಣೆ ಕಾಯಲಿಲ್ಲ, ಇಡೀ ಕೋರ್‌ನ್ನು ಮುಂದಕ್ಕೆ ನಡೆಸಿಬಿಟ್ಟರು. ಅಷ್ಟೇ ಜನ ಹೆಚ್ಚುಕಡಿಮೆ ದುಪ್ಪಟ್ಟು ಉದ್ದದ ಸಾಲನ್ನು ಕಾಯಬೇಕಾಯಿತು. ಬಲಕ್ಕೆ ಎರಡನೆಯ ಕೋರ್‌ನ ಕೊಂಡಿ ತಪ್ಪಿತು, ಎಡಕ್ಕೆ ಲಿಟಲ್ ರೌಂಡ್ ಟಾಪ್ ಗುಡ್ಡ ಬರಿದಾಯಿತು. ಮೀಡ್ ಕುದುರೆಯೇರಿ ಬಂದು ನೋಡುವಷ್ಟರಲ್ಲಿ ದಕ್ಷಿಣದ ಸೇನಾನಿ ಲಾಂಗ್‌ಸ್ಟ್ರೀಟ್‌ನ ಫಿರಂಗಿಗಳು ಶುರುವಾಗಿದ್ದವು.

ಪಟ್ಟಿ ಹರಿದದ್ದು ಹೇಗೆಂದು ನೋಡಬೇಕಾದರೆ ಬರ್ಲಿಂಗ್‌ನ ಬ್ರಿಗೇಡ್ ನೋಡಿ. ಅವರ ಕೈಲಿ ಆರು ರೆಜಿಮೆಂಟುಗಳಿದ್ದವು. ಎರಡು ಗೋಧಿ ಹೊಲದ ಕಡೆ ಹೋದವು, ಒಂದು ಡೆವಿಲ್ಸ್ ಡೆನ್ ಬಂಡೆಗಳತ್ತ, ಒಂದು ಪೀಚ್ ತೋಟಕ್ಕೆ, ಒಂದು ಫಿರಂಗಿಗಳ ಕಾವಲಿಗೆ, ಒಂದು ರಸ್ತೆಗೆ. ಬಿದ್ದ ಬಿರುಕಿಗೆಲ್ಲ ಅವರದೇ ಜನ. ಕೊನೆಗೆ ಆಜ್ಞೆ ಕೊಡಲು ಒಬ್ಬನೂ ಉಳಿಯದೆ, ತಮ್ಮ ಸಹಾಯಕರನ್ನಷ್ಟೇ ಕಟ್ಟಿಕೊಂಡು ಹಂಫ್ರೀಸ್ ಬಳಿ ಹೋಗಿ ಏನು ಮಾಡಲಿ ಎಂದು ನಿಂತರು. ಪೀಚ್ ತೋಟದಲ್ಲಿ ಗ್ರಹಾಮ್‌ನ ಬ್ರಿಗೇಡ್, ಅದರ ಆರೂ ರೆಜಿಮೆಂಟುಗಳು ಪೆನ್ಸಿಲ್ವೇನಿಯಾದವೇ, ತಮ್ಮದೇ ಸೀಮೆಯ ನೆಲದಲ್ಲಿ ನಿಂತಿದ್ದವು. ದಕ್ಷಿಣದ ಕಡೆಯ ಮಿಸಿಸಿಪ್ಪಿಯ ಬಾರ್ಕ್ಸ್‌ಡೇಲ್ ನುಗ್ಗಿದಾಗ ಸಾಲು ಒಡೆಯಿತು. ಅಲ್ಲಿನ 141ನೆಯ ಪೆನ್ಸಿಲ್ವೇನಿಯಾ ರೆಜಿಮೆಂಟಿನ 209 ಜನರಲ್ಲಿ 149 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಗ್ರಹಾಮ್ ಸ್ವತಃ ಗಾಯಗೊಂಡು ಸೆರೆಸಿಕ್ಕರು. ಸಿಕಲ್ಸ್‌ರ ಬಲಗಾಲಿಗೆ ತೋಪಿನ ಗುಂಡು ಬಡಿಯಿತು. ಕತ್ತರಿಸಿದ ಕಾಲಿನ ಎಲುಬನ್ನು ಸೇನೆಯ ವೈದ್ಯಕೀಯ ಮ್ಯೂಸಿಯಮ್ಮಿಗೆ ಕಳಿಸಿಕೊಟ್ಟ ಪುಣ್ಯಾತ್ಮ ಅವರು. ಈಗಲೂ ಅದು ಮೇರಿಲ್ಯಾಂಡಿನಲ್ಲಿದೆ.

ಆದರೂ ಪಟ್ಟಿ ಪೂರ್ತಿ ಸಾಯಲಿಲ್ಲ. ಸಿಕಲ್ಸ್ ಬಿದ್ದೊಡನೆ ಬರ್ನಿ, ಅವರ ಮೇಲೆ ಎರಡನೆಯ ಕೋರ್‌ನ ಹ್ಯಾಂಕಾಕ್. ಮುಂದಿನವರು ಯಾರೆಂಬುದು ಮೊದಲೇ ತೀರ್ಮಾನವಾಗಿದ್ದ ವ್ಯವಸ್ಥೆಯಿದು. ಪಕ್ಕದ ಕೋರ್‌ಗಳ ಬ್ರಿಗೇಡುಗಳು ಓಡೋಡಿ ಬಂದು ತೂತು ಮುಚ್ಚಿದವು, ದಿಣ್ಣೆ ಉಳಿಯಿತು. ಮೂರನೆಯ ಕೋರ್ ಕಳೆದುಕೊಂಡದ್ದು ನಾಲ್ಕು ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು. ಸಿಕಲ್ಸ್ ಮಾಡಿದ್ದು ಸರಿಯೇ ತಪ್ಪೇ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ನಾನು ಮೀಡ್ ಕಡೆಯವನು. ಎತ್ತರದ ಜಾಗದ ಆಸೆ ತಪ್ಪಲ್ಲ. ಪಕ್ಕದವನಿಗೆ ಹೇಳದೆ ಸಾಲು ಬಿಟ್ಟದ್ದು ತಪ್ಪು.

1864ರ ಮಾರ್ಚ್‌ನಲ್ಲಿ ಕೋರ್‌ನ್ನು ವಿಸರ್ಜಿಸಿ ಅದರ ಹಳೆಯ ಎರಡು ಡಿವಿಷನ್‌ಗಳನ್ನು ಎರಡನೆಯ ಕೋರ್‌ಗೆ ಸೇರಿಸಿದರು. ವಜ್ರದ ಬಿಲ್ಲೆ ಇಟ್ಟುಕೊಳ್ಳಲು ಮಾತ್ರ ಅನುಮತಿ ಸಿಕ್ಕಿತು. ಅದೇ ತಿಂಗಳು ಲೆಟರ್‌ಮನ್‌ರ ಆಂಬುಲೆನ್ಸ್ ವ್ಯವಸ್ಥೆ ಉತ್ತರದ ಸೈನ್ಯಕ್ಕೆಲ್ಲ ಕಾನೂನಾಯಿತು.

ಪ್ರದರ್ಶನ ಇಂದಿನಿಂದ ಎಲ್ಲರಿಗೂ ತೆರೆದಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಶಾಲೆಯ ಮಕ್ಕಳನ್ನು ಮೊದಲು ಒಳಗೆ ಬಿಡಿ. ಮೇಜು ಎತ್ತರವಿದೆ, ದೊಡ್ಡವರು ಮುಂದೆ ನಿಂತರೆ ಮಕ್ಕಳಿಗೆ ಏನೂ ಕಾಣುವುದಿಲ್ಲ.