ರುಜುವಿನ ಭಾರ

ಚುನಾವಣೆಯೆಂದರೆ ಮತ ಹಾಕುವ ದಿನವೆಂದೇ ನಾವು ಭಾವಿಸುತ್ತೇವೆ. ಆದರೆ ಯಾರ ಹೆಸರು ಮತಪತ್ರವನ್ನು ಸೇರಬೇಕೆಂಬುದು ಅದಕ್ಕೂ ಮೊದಲೇ ನಿರ್ಧಾರವಾಗಿರುತ್ತದೆ. ಇಷ್ಟು ಮಂದಿ ಮತದಾರರು ರುಜು ಹಾಕಿದರೆ ಮಾತ್ರ ನೀನು ಉಮೇದುವಾರ ಎನ್ನುತ್ತದೆ ಕಾನೂನು. ಆ ‘ಇಷ್ಟು’ ಎಷ್ಟಿರಬೇಕೆಂಬುದೇ ಇಂದು ನಾನು ಕೇಳುಗರ ಮುಂದಿಡುವ ವಿಚಾರ.

ಅಮೆರಿಕದ ಒಹಾಯೊ ರಾಜ್ಯದ ನಿದರ್ಶನವನ್ನು ನೋಡೋಣ. 1968ರಲ್ಲಿ ಅಲ್ಲಿ ಹೊಸ ಪಕ್ಷವೊಂದು ಅಧ್ಯಕ್ಷ ಚುನಾವಣೆಯ ಮತಪತ್ರದಲ್ಲಿ ಸ್ಥಾನ ಪಡೆಯಲು, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ನೂರಕ್ಕೆ 15ರಷ್ಟು, ಎಂದರೆ 4,33,100 ರುಜುಗಳನ್ನು ಒದಗಿಸಬೇಕಿತ್ತು. ಅದೂ ಚುನಾವಣೆಗೆ ಒಂಬತ್ತು ತಿಂಗಳು ಮುಂಚೆ. ಹಳೆಯ ಎರಡು ಪಕ್ಷಗಳಿಗೆ ಈ ತೊಡಕಿರಲಿಲ್ಲ. ಜಾರ್ಜ್ ವ್ಯಾಲೇಸನ ಬೆಂಬಲಿಗರು ನಾಲ್ಕೂವರೆ ಲಕ್ಷ ರುಜುಗಳನ್ನು ಕೂಡಿಸಿದರು. ಅಷ್ಟರಲ್ಲಿ ಗಡುವು ಮೀರಿತ್ತು. ಅಕ್ಟೋಬರಿನಲ್ಲಿ ಆ ದೇಶದ ಸುಪ್ರೀಂ ಕೋರ್ಟು ಈ ಕಟ್ಟಳೆ ಸಂವಿಧಾನಕ್ಕೆ ವಿರುದ್ಧವೆಂದು ಸಾರಿ, ಆತನ ಹೆಸರನ್ನು ಸೇರಿಸುವಂತೆ ಆದೇಶಿಸಿತು.

ವ್ಯಾಲೇಸ್ ವರ್ಣಭೇದದ ವಕ್ತಾರ. ಆತನ ವಿಚಾರಗಳನ್ನು ನಾನು ಒಪ್ಪಲಾರೆ. ಆದರೂ ಆ ತೀರ್ಪು ನ್ಯಾಯವಾದದ್ದು. ಉಮೇದುವಾರನನ್ನು ತಿರಸ್ಕರಿಸುವ ಅಧಿಕಾರ ಮತದಾರನದು. ಅದನ್ನು ಕಾಗದಪತ್ರಗಳ ಕೈಗೆ ಒಪ್ಪಿಸಬಾರದು.

ಹಾಗಾದರೆ ರುಜುವೇ ಬೇಡವೆ? 1996ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೆಳಗಾವಿಯ ಕಣದಲ್ಲಿ 456 ಮಂದಿ ಇದ್ದರು. ಅದೇ ವರ್ಷ ತಮಿಳುನಾಡಿನ ಮೊಡಕುರುಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ; ಮತಪತ್ರವೇ ಪುಸ್ತಕವಾಯಿತು. ಆಗ ಸಂಸತ್ತು ಲೋಕಸಭೆಯ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿತು. ಮಾನ್ಯತೆ ಪಡೆದ ಪಕ್ಷದವನಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು ಮಂದಿ ಬೇಕು ಎಂದು ವಿಧಿಸಿತು. ಹತ್ತು ಹೊರಲಾಗದ ಹೊರೆಯಲ್ಲ. ಬೇಕಾದಲ್ಲಿ ಇನ್ನೂ ಇಳಿಸಬಹುದೆಂದು ಇಂಗ್ಲೆಂಡ್ ತೋರಿಸಿತು: ಸಾಂಕ್ರಾಮಿಕದ ನಡುವೆ ನಡೆದ 2021ರ ಸ್ಥಳೀಯ ಚುನಾವಣೆಗಳಲ್ಲಿ ಅಲ್ಲಿ ಹತ್ತು ರುಜುಗಳ ಬದಲು ಎರಡೇ ಸಾಕೆನಿಸಿದವು.

ಇಲ್ಲಿ ನಾವು ಮರೆಯುವ ಒಂದು ಸಂಗತಿಯಿದೆ. ಮತ ಗುಪ್ತ, ರುಜು ಬಹಿರಂಗ. ಊರ ಗೌಡನ ವಿರುದ್ಧ ನಿಂತ ಬಡವನಿಗೆ ಗುಟ್ಟಾಗಿ ಮತ ಹಾಕಲು ನೂರು ಜನ ಸಿದ್ಧರಿರಬಹುದು. ಅವನ ನಾಮಪತ್ರಕ್ಕೆ ರುಜು ಹಾಕುವವನು ಮಾತ್ರ ನಾಳೆ ಅದೇ ಗೌಡನ ಹೊಲಕ್ಕೆ ಕೂಲಿಗೆ ಹೋಗಬೇಕು. ರುಜುಗಳ ಸಂಖ್ಯೆ ಏರಿದಷ್ಟೂ ನಾವು ಅಳೆಯುವುದು ಜನಬೆಂಬಲವನ್ನಲ್ಲ, ಬಡವರ ಎದೆಗಾರಿಕೆಯನ್ನು.

ಆದ್ದರಿಂದ ನನ್ನ ಅಳತೆಗೋಲು ಸರಳವಾದದ್ದು. ಹಣವಿಲ್ಲದ ಒಬ್ಬ ಮನುಷ್ಯ ನಾಲ್ಕು ದಿನ ಮನೆಮನೆಗೆ ನಡೆದು ಎಷ್ಟು ರುಜುಗಳನ್ನು ತರಬಲ್ಲನೋ ಅಷ್ಟನ್ನೇ ಕಾನೂನು ಕೇಳಲಿ. ಅವನು ಹುಡುಗಾಟಕ್ಕೆ ಬಂದವನಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ಅವನು ಯೋಗ್ಯನೋ ಅಲ್ಲವೋ ಎಂಬುದನ್ನು ಮತಗಟ್ಟೆಯ ಮರೆಯಲ್ಲಿ, ನಿರ್ಭಯವಾಗಿ, ನಾವೇ ತೀರ್ಮಾನಿಸೋಣ.